ಪಿಷ್ಟದ ನ್ಯಾನೊ ಕಣದಲ್ಲಿ ಔಷಧ: ಅಮೈಲೇಸ್ ಕಿಣ್ವವನ್ನು ಮುಂದಿಟ್ಟುಕೊಂಡು ಕೆಲಸ ಮಾಡುವ ಬಗೆ

ಬಾಯಿಯ ಮೂಲಕ ಕೊಡುವ ಔಷಧಕ್ಕೆ ವಾಹಕವಾಗಿ ಪಿಷ್ಟವನ್ನು ಆರಿಸಿಕೊಳ್ಳಲು ಕಾರಣಗಳು ಬೇಕಾದಷ್ಟಿವೆ. ಅದು ಹೇರಳವಾಗಿ ಸಿಗುತ್ತದೆ, ದೇಹಕ್ಕೆ ಹೊಸದಲ್ಲ, ಅದರ ಹೈಡ್ರಾಕ್ಸಿಲ್ ಗುಂಪುಗಳಿಗೆ ಬೇಕಾದ ರಾಸಾಯನಿಕ ಗುಂಪನ್ನು ಜೋಡಿಸಬಹುದು. ಮಾತ್ರೆಗಳ ತಯಾರಿಕೆಯಲ್ಲಂತೂ ಅದು ತುಂಬುಪದಾರ್ಥವಾಗಿ, ಅಂಟಾಗಿ, ಮಾತ್ರೆ ಬೇಗ ಒಡೆಯಲು ನೆರವಾಗುವ ವಸ್ತುವಾಗಿ ದಶಕಗಳಿಂದ ಬಳಕೆಯಲ್ಲಿದೆ. ಆದರೆ ಪಿಷ್ಟವನ್ನು ಒಡೆಯುವುದಕ್ಕೆಂದೇ ನಮ್ಮ ಜೊಲ್ಲಿನಲ್ಲಿ ಒಂದು, ಮೇದೋಜ್ಜೀರಕದ ರಸದಲ್ಲಿ ಇನ್ನೊಂದು ಅಮೈಲೇಸ್ ಕಿಣ್ವವಿದೆ. ವಾಹಕವನ್ನು ಕಟ್ಟಲು ಹೊರಟವರು ಈ ಕಿಣ್ವವನ್ನು ಕೊನೆಯ ಪ್ರಯೋಗದಲ್ಲಿ ಎದುರಿಸುವ ಬದಲು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬರೀ ಬಫರ್ ದ್ರಾವಣದಲ್ಲಿ ಸುಂದರವಾಗಿ, ನಿಧಾನವಾಗಿ ಔಷಧವನ್ನು ಬಿಡುವ ಕಣ, ಅಮೈಲೇಸ್ ಸೇರಿದೊಡನೆ ಅರ್ಧ ಗಂಟೆಯಲ್ಲಿ ಇಲ್ಲವಾಗಬಹುದು.

ಈ ಲೇಖನ ಔಷಧ ವಿಜ್ಞಾನ, ಪಾಲಿಮರ್ ರಸಾಯನಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನದ ಪ್ರಯೋಗಾಲಯದಲ್ಲಿ ಇಂಥ ಕೆಲಸವನ್ನು ಮೊದಲ ಬಾರಿ ಕೈಗೆತ್ತಿಕೊಳ್ಳುತ್ತಿರುವ ವಿದ್ಯಾರ್ಥಿಗಳಿಗಾಗಿ. ಇಲ್ಲಿ ತಯಾರಾಗುವುದು ಸಂಶೋಧನೆಯ ಮಾದರಿಗಳು ಮಾತ್ರ. ಯಾರೂ ಇವನ್ನು ಸೇವಿಸಬಾರದು, ಯಾರಿಗೂ ಕೊಡಬಾರದು.

ಔಷಧ ಎಲ್ಲಿ ಬಿಡುಗಡೆಯಾಗಬೇಕು?

ಬೀಕರ್ ಕೈಗೆತ್ತಿಕೊಳ್ಳುವ ಮೊದಲು ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬರೆದಿಟ್ಟುಕೊಳ್ಳಿ. ಉತ್ತರ ಔಷಧದ ಗುಣವನ್ನು ಅವಲಂಬಿಸಿದೆ.

1995ರಲ್ಲಿ ಗಾರ್ಡನ್ ಅಮಿಡಾನ್ ಮತ್ತು ಸಂಗಡಿಗರು ಮುಂದಿಟ್ಟ ವರ್ಗೀಕರಣ ಇಲ್ಲಿ ನೆರವಿಗೆ ಬರುತ್ತದೆ. ಅದರ ಪ್ರಕಾರ ಔಷಧಗಳನ್ನು ನೀರಿನಲ್ಲಿ ಕರಗುವ ಶಕ್ತಿ ಮತ್ತು ಕರುಳಿನ ಗೋಡೆಯನ್ನು ದಾಟುವ ಶಕ್ತಿ ಎಂಬ ಎರಡು ಅಳತೆಗಳಿಂದ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ಎರಡನೇ ವರ್ಗದ ಔಷಧ ಕರುಳಿನ ಗೋಡೆಯನ್ನು ಸಲೀಸಾಗಿ ದಾಟುತ್ತದೆ, ಆದರೆ ನೀರಿನಲ್ಲಿ ಕರಗುವುದೇ ಕಷ್ಟ. ಪಿಷ್ಟದ ನ್ಯಾನೊ ಕಣ ನಿಜವಾಗಿ ನೆರವಾಗುವುದು ಈ ವರ್ಗಕ್ಕೆ. ಇಲ್ಲಿ ಸಣ್ಣ ಕರುಳಿನ ಅಮೈಲೇಸ್ ನಿಮ್ಮ ಮಿತ್ರ. ಕಣ ಬೇಗ ಜೀರ್ಣವಾಗಿ, ಸ್ಫಟಿಕವಾಗದೆ ಹರಡಿಕೊಂಡಿದ್ದ ಔಷಧವನ್ನು ಬಿಟ್ಟುಕೊಟ್ಟರೆ ಕೆಲಸವಾಯಿತು.

ಗುರಿ ದೊಡ್ಡ ಕರುಳಾಗಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿನ ಉರಿಯೂತಕ್ಕೆ ಕೊಡುವ ಮೆಸಲಮಿನ್ ಅಥವಾ ಬ್ಯೂಡೆಸೊನೈಡ್‌ನಂಥ ಔಷಧ ಜಠರವನ್ನೂ ಸಣ್ಣ ಕರುಳನ್ನೂ ಮುಟ್ಟದಂತೆ ಸಾಗಬೇಕು. ಸಣ್ಣ ಕರುಳನ್ನು ದಾಟಲು ಸಾಮಾನ್ಯವಾಗಿ 3ರಿಂದ 4 ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಅಮೈಲೇಸ್‌ಗೆ ಬಗ್ಗದ, ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಪಿಷ್ಟ ಬೇಕು. ಜೀರ್ಣನಿರೋಧಕ ಪಿಷ್ಟ ಎಂದು ಕರೆಯುವುದು ಇದನ್ನೇ.

ಇನ್ಸುಲಿನ್‌ನಂಥ ಪೆಪ್ಟೈಡ್‌ಗಳ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ: ಬರೀ ಪಿಷ್ಟದಿಂದ ಆಗುವ ಕೆಲಸವಲ್ಲ. ಪೆಪ್ಸಿನ್, ಟ್ರಿಪ್ಸಿನ್‌ಗಳಿಂದ ರಕ್ಷಣೆ ಬೇಕು, ಜೊತೆಗೆ ದೊಡ್ಡ ಅಣುವೊಂದು ಕರುಳಿನ ಕೋಶಪದರವನ್ನು ದಾಟುವ ಉಪಾಯವೂ ಬೇಕು. ಕೈಟೋಸಾನ್ ಲೇಪನ, ಆಮ್ಲಕ್ಕೆ ಕರಗದ ಹೊರಕವಚ ಎಲ್ಲವೂ ಸೇರಿ ಬಹುಪದರದ ಕೆಲಸವಾಗುತ್ತದೆ. ಮೊದಲ ಯೋಜನೆಗೆ ಅದನ್ನು ಆರಿಸಿಕೊಳ್ಳಬೇಡಿ.

ಯಾವ ಪಿಷ್ಟ?

ಪಿಷ್ಟವೆಂದರೆ ಎರಡು ಪಾಲಿಮರ್‌ಗಳ ಜೋಡಿ. ಅಮೈಲೋಸ್ ಬಹುಮಟ್ಟಿಗೆ ನೇರವಾದ ಸರಪಳಿ. ಅಮೈಲೋಪೆಕ್ಟಿನ್ ಕವಲೊಡೆದ ದೈತ್ಯ ಅಣು. ಸಾಮಾನ್ಯ ಪಿಷ್ಟಗಳಲ್ಲಿ ಅಮೈಲೋಸ್ ಪ್ರಮಾಣ ಸುಮಾರು ಶೇ 20ರಿಂದ 30. ವ್ಯಾಕ್ಸಿ ತಳಿಯ ಮೆಕ್ಕೆಜೋಳದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಧಿಕ ಅಮೈಲೋಸ್ ತಳಿಗಳಲ್ಲಿ ಶೇ 50ನ್ನು ಮೀರುತ್ತದೆ. ನಿಮ್ಮ ಆಯ್ಕೆಯನ್ನು ಮೊದಲು ನಿರ್ಧರಿಸಬೇಕಾದ ಸಂಖ್ಯೆ ಇದು.

ಅಮೈಲೋಸ್ ಹೆಚ್ಚಿದ್ದಷ್ಟೂ ತಣ್ಣಗಾದಾಗ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾದ ರಚನೆ ಮಾಡಿಕೊಳ್ಳುತ್ತವೆ. ಆ ಬಿಗಿಯೊಳಗೆ ಅಮೈಲೇಸ್ ನುಗ್ಗಲಾರದು. ಹಾಗಾಗಿ ದೊಡ್ಡ ಕರುಳು ಗುರಿಯಾದರೆ ಅಧಿಕ ಅಮೈಲೋಸ್ ಪಿಷ್ಟವನ್ನು ಹುಡುಕಿ. ಅಥವಾ ಪುಲ್ಲುಲನೇಸ್ ಕಿಣ್ವದಿಂದ ಅಮೈಲೋಪೆಕ್ಟಿನ್‌ನ ಕವಲುಗಳನ್ನು ಕತ್ತರಿಸಿ, ಸಿಗುವ ಗಿಡ್ಡ ನೇರ ಸರಪಳಿಗಳನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾವಾಗಿಯೇ ಕಣಗಳಾಗಲು ಬಿಡಿ. ಸಣ್ಣ ಕರುಳು ಗುರಿಯಾದರೆ ಸಾಮಾನ್ಯ ಅಥವಾ ವ್ಯಾಕ್ಸಿ ಪಿಷ್ಟ ಸಾಕು.

ಅಮೈಲೋಸ್‌ಗೆ ಇನ್ನೊಂದು ಗುಣವಿದೆ. ಸೂಕ್ತ ಅಣು ಎದುರಾದಾಗ ಅದು ಸುರುಳಿಯಾಗಿ ಆ ಅಣುವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಪ್ರತಿ ಸುತ್ತಿಗೆ 6 ಗ್ಲೂಕೋಸ್ ಘಟಕಗಳು, ಒಳಭಾಗ ನೀರಿಗೆ ಒಲ್ಲದ್ದು. ಅಯೋಡಿನ್ ಹಾಕಿದಾಗ ನೀಲಿ ಬಣ್ಣ ಬರುವುದು ಈ ಸುರುಳಿಯಿಂದಲೇ. ಕೊಬ್ಬಿನಾಮ್ಲಗಳಂಥ ಉದ್ದನೆಯ, ಸಪೂರ ಅಣುಗಳು ಇದರೊಳಗೆ ಚೆನ್ನಾಗಿ ಕೂರುತ್ತವೆ. ದಪ್ಪ ಅಣುಗಳಿಗಾಗಿ ಸುರುಳಿ 7 ಅಥವಾ 8 ಘಟಕಗಳಷ್ಟು ಅಗಲವಾಗಬಲ್ಲದು. ಆದರೆ ಯಾವ ಔಷಧವನ್ನು ಹಾಕಿದರೂ ಸುರುಳಿಯೊಳಗೆ ಸೇರಿಬಿಡುತ್ತದೆ ಎಂದು ನಂಬಿ ಮುಂದುವರಿಯಬೇಡಿ. ಎಕ್ಸ್-ರೇ ವಿವರ್ತನೆಯಲ್ಲಿ ಸುಮಾರು 7ರಿಂದ 8, 13 ಮತ್ತು 20 ಡಿಗ್ರಿಗಳ ಬಳಿ ಶಿಖರಗಳು ಕಂಡರೆ ಮಾತ್ರ ಸುರುಳಿ ರಚನೆಯ ಮಾತನಾಡಿ.

ಒಂದು ಸಣ್ಣ ಸೂಚನೆ: ಪಿಷ್ಟದ ಡಬ್ಬಿಯಿಂದ ತೂಕ ಮಾಡುವ ಮೊದಲು ಅದರ ತೇವಾಂಶ ಅಳೆಯಿರಿ. ಗಾಳಿಗೆ ಒಣಗಿದ ಪಿಷ್ಟದಲ್ಲಿ ಶೇ 10ಕ್ಕೂ ಹೆಚ್ಚು ನೀರಿರುವುದು ಸಾಮಾನ್ಯ. ಒಣ ತೂಕದ ಲೆಕ್ಕವಿಲ್ಲದಿದ್ದರೆ ಮುಂದಿನ ಎಲ್ಲ ಶೇಕಡಾವಾರುಗಳೂ ಓರೆಯಾಗುತ್ತವೆ.

ಕಣ ಮಾಡುವ ದಾರಿಗಳು

ಆಮ್ಲ ವಿಭಜನೆಯ ದಾರಿ ಹಳೆಯದು, ಪಳಗಿದ್ದು. ವ್ಯಾಕ್ಸಿ ಮೆಕ್ಕೆಜೋಳದ ಪಿಷ್ಟವನ್ನು ಲೀಟರಿಗೆ 3.16 ಮೋಲ್ ಗಂಧಕಾಮ್ಲದಲ್ಲಿ 40 ಡಿಗ್ರಿಯಲ್ಲಿ 5 ದಿನ ಇಟ್ಟರೆ ಸಡಿಲ ಭಾಗಗಳು ಕರಗಿಹೋಗಿ, ಸ್ಫಟಿಕ ಭಾಗ ತೆಳುವಾದ ಚಪ್ಪಟೆ ಹಲಗೆಗಳ ರೂಪದಲ್ಲಿ ಉಳಿಯುತ್ತದೆ. ಇಳುವರಿ ಸುಮಾರು ಶೇ 15. ಇವು ಎಮಲ್ಷನ್‌ಗಳನ್ನು ಸ್ಥಿರಗೊಳಿಸಲು ಬಹಳ ಒಳ್ಳೆಯವು. ಔಷಧ ತುಂಬಲು ಅಷ್ಟೇನೂ ಒಳ್ಳೆಯವಲ್ಲ, ಏಕೆಂದರೆ ಸ್ಫಟಿಕದೊಳಗೆ ಜಾಗವಿಲ್ಲ. ಔಷಧ ಮೇಲ್ಮೈಗೆ ಮಾತ್ರ ಅಂಟಿಕೊಳ್ಳುತ್ತದೆ.

ಅಡ್ಡಕೊಂಡಿ ಹಾಕಿ, ಅಂದರೆ ಪಿಷ್ಟದ ಸರಪಳಿಗಳನ್ನು ಒಂದಕ್ಕೊಂದು ರಾಸಾಯನಿಕವಾಗಿ ಬೆಸೆದು, ಎಮಲ್ಷನ್‌ನಲ್ಲಿ ಕಣ ಮಾಡುವ ವಿಧಾನದಲ್ಲಿ ಎಪಿಕ್ಲೋರೋಹೈಡ್ರಿನ್ ಬಳಕೆ ಹಲವು ಪ್ರಬಂಧಗಳಲ್ಲಿದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚಿರುವ ವಸ್ತುಗಳ ಪಟ್ಟಿಯಲ್ಲಿದೆ. ನುಂಗುವ ಔಷಧದ ವಾಹಕಕ್ಕೆ ಅದನ್ನು ಆರಿಸಿಕೊಳ್ಳಲು ನನಗೆ ಸಮರ್ಥನೆ ಕಾಣುವುದಿಲ್ಲ. ಅಡ್ಡಕೊಂಡಿ ಬೇಕೇ ಬೇಕಾದರೆ ಸೋಡಿಯಂ ಟ್ರೈಮೆಟಾಫಾಸ್ಫೇಟ್ ಇದೆ.

ಮೊದಲ ಬಾರಿ ಮಾಡುವವರಿಗೆ ನಾನು ಹೇಳುವುದು ನ್ಯಾನೊ ಅವಕ್ಷೇಪನ. ಪಿಷ್ಟ ಕರಗಿರುವ ದ್ರಾವಣಕ್ಕೆ, ಪಿಷ್ಟ ಕರಗದ ಆದರೆ ಮೊದಲ ದ್ರಾವಕದೊಂದಿಗೆ ಬೆರೆಯುವ ದ್ರಾವಕ ಸೇರಿದಾಗ ಸರಪಳಿಗಳು ಒಟ್ಟುಗೂಡಿ ಕಣಗಳಾಗುತ್ತವೆ. ನೀರು ಮತ್ತು ಎಥನಾಲ್ ಇದ್ದರೆ ಸಾಕು. ಎಥನಾಲ್ ಮೂರನೇ ದರ್ಜೆಯ, ಅಂದರೆ ಕಡಿಮೆ ಅಪಾಯದ ದ್ರಾವಕ. ಔಷಧದಲ್ಲಿ 5000 ಪಿಪಿಎಂವರೆಗೆ ಉಳಿಕೆ ಇರಲು ಅಂತರರಾಷ್ಟ್ರೀಯ ಮಾರ್ಗಸೂಚಿ ಅವಕಾಶ ಕೊಡುತ್ತದೆ.

ಮಾಡುವ ಕ್ರಮ ಹೀಗಿದೆ. ಒಣ ತೂಕದಲ್ಲಿ 1 ಗ್ರಾಂ ಪಿಷ್ಟವನ್ನು 100 ಮಿಲಿಲೀಟರ್ ತಣ್ಣನೆಯ ನೀರಿನಲ್ಲಿ ಗಂಟಿಲ್ಲದಂತೆ ಕದಡಿ. ಕಲಕುತ್ತಲೇ 95 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಇಡಿ. ವ್ಯಾಕ್ಸಿ ಪಿಷ್ಟಕ್ಕೆ ಇಷ್ಟು ಸಾಕಾಗಬಹುದು. ಸಾಮಾನ್ಯ ಪಿಷ್ಟದಲ್ಲಿ ಉಬ್ಬಿದ ಹರಳಿನ ಹೊರಚಿಪ್ಪುಗಳು ಉಳಿದುಬಿಡುತ್ತವೆ. ಅಧಿಕ ಅಮೈಲೋಸ್ ಪಿಷ್ಟವಂತೂ ಈ ಬಿಸಿಗೆ ಜಗ್ಗುವುದೇ ಇಲ್ಲ. ಅದಕ್ಕೆ ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಬೇಕು, ಇಲ್ಲವೇ ಡೈಮೀಥೈಲ್ ಸಲ್ಫಾಕ್ಸೈಡ್‌ನಲ್ಲಿ ಕರಗಿಸಬೇಕು. ಯಾವ ದಾರಿಯಾದರೂ ದ್ರಾವಣವನ್ನು ಸೆಂಟ್ರಿಫ್ಯೂಜ್ ಮಾಡಿ ತಳದಲ್ಲಿ ಏನೂ ಕೂರುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಕರಗದೆ ಉಳಿದ ತುಣುಕುಗಳು ಮುಂದೆ ಗಾತ್ರದ ಅಳತೆಯನ್ನು ಕೆಡಿಸುತ್ತವೆ.

ದ್ರಾವಣ ಕೋಣೆಯ ಉಷ್ಣತೆಗೆ ಬಂದ ಕೂಡಲೇ ಮುಂದುವರಿಯಿರಿ. ರಾತ್ರಿಯಿಡೀ ಇಟ್ಟರೆ ಅಮೈಲೋಸ್ ತಾನೇ ಹೆಣೆದುಕೊಂಡು ದ್ರಾವಣ ಮಬ್ಬಾಗುತ್ತದೆ, ಮರುದಿನದ ಕಣ ಬೇರೆಯೇ ಆಗಿರುತ್ತದೆ. ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಇಟ್ಟು ಸಿರಿಂಜ್ ಪಂಪ್‌ನಿಂದ ನಿಮಿಷಕ್ಕೆ 1 ಮಿಲಿಲೀಟರ್‌ನಂತೆ ಎಥನಾಲ್ ಹನಿಸಿ. ಮೊದಮೊದಲು ಪ್ರತಿ ಹನಿ ಬಿದ್ದಲ್ಲಿ ಬಿಳಿಯ ಎಳೆಯೊಂದು ಮೂಡಿ, ಕಲಕಾಟಕ್ಕೆ ಸಿಕ್ಕಿ ಮಾಯವಾಗುತ್ತದೆ. ಎಥನಾಲ್ ಹೆಚ್ಚುತ್ತಾ ಹೋದಂತೆ ಎಳೆ ಮಾಯವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ಹಂತದಲ್ಲಿ ಇಡೀ ದ್ರವಕ್ಕೆ ತಿಳಿ ನೀಲಿ ಛಾಯೆಯ ಮಬ್ಬು ಬರುತ್ತದೆ. ಬೀಕರಿನ ಪಕ್ಕದಿಂದ ಲೇಸರ್ ಬೆಳಕು ಹಾಯಿಸಿದರೆ ಬೆಳಕಿನ ದಾರಿ ಉದ್ದಕ್ಕೂ ಸ್ಪಷ್ಟ ಗೆರೆಯಾಗಿ ಕಾಣುತ್ತದೆ. ನೀಲಿ ಛಾಯೆ ಸಣ್ಣ ಕಣದ ಗುರುತು. ಹಾಲಿನ ಬಿಳುಪು ಬಂದರೆ ಕಣಗಳು ದೊಡ್ಡವಾಗಿವೆ ಅಥವಾ ಒಂದಕ್ಕೊಂದು ಅಂಟಿಕೊಂಡಿವೆ. ಮಬ್ಬು ಮೂಡಿದಾಗ ಎಷ್ಟು ಎಥನಾಲ್ ಖರ್ಚಾಗಿತ್ತು ಎಂದು ಪ್ರತಿ ಬಾರಿಯೂ ಬರೆದಿಡಿ. ಒಂದೇ ಪಿಷ್ಟಕ್ಕೆ ಈ ಸಂಖ್ಯೆ ಜಿಗಿದಾಡಿದರೆ ಕರಗಿಸುವ ಹಂತದಲ್ಲೇ ಏನೋ ತಪ್ಪಿದೆ.

ಗಾತ್ರ ಇಳಿಸಬೇಕೆಂದರೆ ಮೊದಲು ಪಿಷ್ಟದ ಸಾಂದ್ರತೆ ಇಳಿಸಿ. ಕಲಕುವ ವೇಗ, ಹನಿಸುವ ವೇಗ, ಟ್ವೀನ್ 80ರಂಥ ಮೇಲ್ಮೈ ಸಕ್ರಿಯ ವಸ್ತು ಇವೆಲ್ಲ ಆಮೇಲಿನ ಮಾತು.

ಔಷಧ ನಿಜವಾಗಿ ಕಣದೊಳಗೆ ಹೋಗುತ್ತದೆಯೇ?

ನೀರಿಗೆ ಒಲ್ಲದ ಔಷಧವನ್ನು ಎಥನಾಲ್‌ನಲ್ಲಿ ಕರಗಿಸಿ, ಅದೇ ಎಥನಾಲನ್ನು ಪಿಷ್ಟದ ದ್ರಾವಣಕ್ಕೆ ಧಾರಾಳವಾಗಿ ಸುರಿಯುವುದು ಹಲವರು ಹಿಡಿಯುವ ದಾರಿ. ಒಂದು ಕ್ಷಣ ಯೋಚಿಸಿ. ಪಿಷ್ಟ ಕಣವಾಗುವ ಹೊತ್ತಿಗೆ ಸುತ್ತಲಿನ ದ್ರವದಲ್ಲಿ ಮುಕ್ಕಾಲು ಪಾಲು ಎಥನಾಲ್ ಇದ್ದರೆ ಔಷಧಕ್ಕೆ ಕಣದೊಳಗೆ ಹೋಗುವ ಅಗತ್ಯವೇನಿದೆ? ಅದು ಎಥನಾಲ್‌ನಲ್ಲೇ ಹಾಯಾಗಿ ಕರಗಿಕೊಂಡಿರುತ್ತದೆ. ನೀವು ಕಣಗಳನ್ನು ತೊಳೆದಾಗ ತೊಳೆದ ನೀರಿನೊಂದಿಗೆ ಹೋಗಿಬಿಡುತ್ತದೆ.

ನಿಯಮ ಇಷ್ಟೇ: ವಾಹಕ ಮತ್ತು ಔಷಧ ಒಂದೇ ಹೊತ್ತಿಗೆ, ಒಂದೇ ಕಾರಣಕ್ಕೆ ಕರಗುವಿಕೆ ಕಳೆದುಕೊಳ್ಳಬೇಕು. ಇದಕ್ಕೆ ಮೂರು ಉಪಾಯಗಳಿವೆ. ಮೊದಲನೆಯದು ಪಿಷ್ಟವನ್ನೇ ನೀರಿಗೆ ಒಲ್ಲದಂತೆ ಮಾರ್ಪಡಿಸುವುದು. ಸಾಕಷ್ಟು ಅಸಿಟೈಲ್ ಗುಂಪುಗಳನ್ನು ಸೇರಿಸಿದ ಪಿಷ್ಟ ಅಸಿಟೋನ್ ಅಥವಾ ಡೈಮೀಥೈಲ್ ಸಲ್ಫಾಕ್ಸೈಡ್‌ನಲ್ಲಿ ಕರಗುತ್ತದೆ. ಔಷಧವನ್ನೂ ಅದರಲ್ಲೇ ಕರಗಿಸಿ, ಎರಡನ್ನೂ ಒಟ್ಟಿಗೆ ನೀರಿಗೆ ಹನಿಸಿದರೆ ಎರಡೂ ಒಟ್ಟಿಗೆ ಹೊರಬೀಳುತ್ತವೆ. ಎರಡನೆಯದು ಅಮೈಲೋಸ್ ಸುರುಳಿಯನ್ನು ಬಳಸುವುದು. ಬಿಸಿ ಪಿಷ್ಟ ದ್ರಾವಣಕ್ಕೆ ಅತಿ ಕಡಿಮೆ ಎಥನಾಲ್‌ನಲ್ಲಿ ಕರಗಿಸಿದ ಔಷಧವನ್ನು ಸೇರಿಸಿ ನಿಧಾನವಾಗಿ ತಣಿಸಬೇಕು. ಮೂರನೆಯದು ಆಕ್ಟೆನೈಲ್ ಸಕ್ಸಿನಿಕ್ ಅನ್‌ಹೈಡ್ರೈಡ್‌ನಿಂದ ಮಾರ್ಪಡಿಸಿದ ಪಿಷ್ಟ. ಇದಕ್ಕೆ ನೀರಿನ ಒಲವೂ ಎಣ್ಣೆಯ ಒಲವೂ ಇರುವುದರಿಂದ ಎಣ್ಣೆಯಲ್ಲಿ ಕರಗುವ ಔಷಧವನ್ನು ಸಣ್ಣ ಹನಿಗಳಾಗಿ ಹಿಡಿದಿಡುತ್ತದೆ. ಆಹಾರೋದ್ಯಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದರಿಂದ ಇದರ ಸುರಕ್ಷತೆಯ ಬಗ್ಗೆ ಮಾಹಿತಿ ಈಗಾಗಲೇ ಸಾಕಷ್ಟಿದೆ. ಗುರಿ ಸಣ್ಣ ಕರುಳಾಗಿದ್ದರೆ ನಾನು ಮೊದಲು ಪ್ರಯತ್ನಿಸುವುದು ಇದನ್ನೇ.

ನೀರಿನಲ್ಲಿ ಚೆನ್ನಾಗಿ ಕರಗುವ, ವಿದ್ಯುದಂಶವಿರುವ ಔಷಧವಾದರೆ ಕಾರ್ಬಾಕ್ಸಿಮೀಥೈಲ್ ಪಿಷ್ಟದಂಥ ವಿರುದ್ಧ ವಿದ್ಯುದಂಶದ ಪಿಷ್ಟ ಬೇಕು. ಹಾಗೆ ಹಿಡಿದ ಔಷಧ ಜಠರದ ಆಮ್ಲದಲ್ಲೂ ಲವಣದಲ್ಲೂ ಕೈಜಾರುವ ಸಾಧ್ಯತೆ ಇರುವುದರಿಂದ ಅದನ್ನು ಬೇಗನೆ ಪರೀಕ್ಷಿಸಿ.

ಎಷ್ಟು ಔಷಧ ಒಳಗೆ ಹೋಯಿತು ಎಂಬ ಲೆಕ್ಕಕ್ಕೆ ಎರಡು ಸಂಖ್ಯೆಗಳಿವೆ. 100 ಮಿಲಿಗ್ರಾಂ ಪಿಷ್ಟ, 10 ಮಿಲಿಗ್ರಾಂ ಔಷಧ ಹಾಕಿದ್ದೀರಿ, 8 ಮಿಲಿಗ್ರಾಂ ಕಣದಲ್ಲಿ ಉಳಿಯಿತು ಎನ್ನೋಣ. ಹಿಡಿದಿಟ್ಟ ಪ್ರಮಾಣ ಶೇ 80. ಆದರೆ ಕಣದ ಒಟ್ಟು ತೂಕದಲ್ಲಿ ಔಷಧದ ಪಾಲು 108ರಲ್ಲಿ 8, ಅಂದರೆ ಶೇ 7.4 ಮಾತ್ರ, ಅದೂ ಪಿಷ್ಟವೆಲ್ಲ ಕೈಗೆ ಸಿಕ್ಕಿದ್ದರೆ. ಪ್ರಬಂಧಗಳ ಸಾರಾಂಶದಲ್ಲಿ ಮೊದಲ ಸಂಖ್ಯೆ ಮಿಂಚುತ್ತದೆ, ರೋಗಿಗೆ ಮುಖ್ಯವಾದದ್ದು ಎರಡನೆಯದು. 400 ಮಿಲಿಗ್ರಾಂ ಔಷಧ ಕೊಡಬೇಕಾದಲ್ಲಿ ಶೇ 7.4ರ ಕಣವೆಂದರೆ 5 ಗ್ರಾಂಗಿಂತ ಹೆಚ್ಚು ಪುಡಿ. ಯಾವ ಕ್ಯಾಪ್ಸೂಲಿನಲ್ಲೂ ಅದು ಹಿಡಿಯುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುವ ಔಷಧವನ್ನೇ ಆರಿಸಿಕೊಳ್ಳಿ.

ಅಳೆಯುವಾಗ ಒಂದು ಬಲೆ ಇದೆ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದಲ್ಲಿ ಔಷಧವಿಲ್ಲ ಎಂದ ಮಾತ್ರಕ್ಕೆ ಅದು ಕಣದೊಳಗಿದೆ ಎಂದಲ್ಲ. ನೀರಿಗೆ ಒಲ್ಲದ ಔಷಧ ಬೇರೆಯಾಗಿ ಸ್ಫಟಿಕವಾಗಿ, ಕಣಗಳ ಜೊತೆ ತಳದಲ್ಲೇ ಕುಳಿತಿರಬಹುದು. ಆದ್ದರಿಂದ ಮೊದಲು ಕಡಿಮೆ ವೇಗದಲ್ಲಿ ತಿರುಗಿಸಿ ದಪ್ಪ ಸ್ಫಟಿಕಗಳನ್ನು ಬೇರ್ಪಡಿಸಿ. ಆಮೇಲೆ ಕಣಗಳನ್ನು ಡೈಮೀಥೈಲ್ ಸಲ್ಫಾಕ್ಸೈಡ್‌ನಲ್ಲಿ ಕರಗಿಸಿ ಅಥವಾ ಅಮೈಲೇಸ್‌ನಿಂದ ಜೀರ್ಣಿಸಿ ಒಳಗಿನ ಔಷಧವನ್ನು ನೇರವಾಗಿ ಅಳೆಯಿರಿ. ಕಣದಲ್ಲಿದ್ದದ್ದು, ತೊಳೆದ ದ್ರವದಲ್ಲಿದ್ದದ್ದು, ಸ್ಫಟಿಕವಾಗಿ ಬಿದ್ದದ್ದು ಮೂರೂ ಸೇರಿ ಹಾಕಿದ ಪ್ರಮಾಣಕ್ಕೆ ಹತ್ತಿರ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.

ಗಾತ್ರ ಮತ್ತು ರೂಪ

ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್ ಯಂತ್ರ ಒಂದು ಸರಾಸರಿ ಸಂಖ್ಯೆ ಕೊಡುತ್ತದೆ. ಅದು ಚದುರಿದ ಬೆಳಕಿನ ತೀವ್ರತೆಯ ಮೇಲೆ ನಿಂತ ಸಂಖ್ಯೆ. ಸಣ್ಣ ಕಣಗಳಲ್ಲಿ ಈ ತೀವ್ರತೆ ವ್ಯಾಸದ ಆರನೇ ಘಾತಕ್ಕೆ ಏರುತ್ತದೆ. 10 ನ್ಯಾನೊಮೀಟರ್ ಕಣಕ್ಕಿಂತ 100 ನ್ಯಾನೊಮೀಟರ್ ಕಣ ಹತ್ತಿರ ಹತ್ತಿರ ಹತ್ತು ಲಕ್ಷ ಪಟ್ಟು ಬೆಳಕು ಚದುರಿಸುತ್ತದೆ. ಹಾಗಾಗಿ ಒಂದಷ್ಟು ಗಂಟು ಕಟ್ಟಿದ ಕಣಗಳಿದ್ದರೂ ಸಣ್ಣವು ಅಳತೆಯಲ್ಲಿ ಅಡಗಿಬಿಡುತ್ತವೆ. ಮಾದರಿಯನ್ನು ತೆಳುಗೊಳಿಸಿ ಎರಡು ಮೂರು ಸಾಂದ್ರತೆಗಳಲ್ಲಿ ಅಳೆಯಿರಿ, ಸಂಖ್ಯೆ ಬದಲಾಗಬಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಜೊತೆಗಿರಲಿ. ಚಿತ್ರದಲ್ಲಿ ಕಾಣುವುದು ಒಣಗಿದ ಕಣ, ಬೆಳಕಿನ ಯಂತ್ರ ನೋಡುವುದು ನೀರು ಹೀರಿ ಉಬ್ಬಿದ ಕಣ. ಎರಡರ ನಡುವೆ ವ್ಯತ್ಯಾಸ ಬಂದರೆ ಗಾಬರಿಯಾಗಬೇಕಿಲ್ಲ.

ಕಣಗಳು ಒಂದಕ್ಕೊಂದು ಅಂಟದಿರಲು ಝೀಟಾ ವಿಭವ (ಕಣದ ಮೇಲ್ಮೈಯ ವಿದ್ಯುದಂಶವನ್ನು ಸೂಚಿಸುವ ಅಳತೆ) 30 ಮಿಲಿವೋಲ್ಟ್ ದಾಟಬೇಕು ಎಂಬ ಮಾತನ್ನು ಮಾರ್ಪಡಿಸದ ಪಿಷ್ಟಕ್ಕೆ ಅನ್ವಯಿಸಬೇಡಿ. ಅದರಲ್ಲಿ ವಿದ್ಯುದಂಶವೇ ಇಲ್ಲದಷ್ಟು ಕಡಿಮೆ.

ಕಿಣ್ವದ ಎದುರು ಪರೀಕ್ಷೆ

ಈ ಹಂತಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಔಷಧವಿಲ್ಲದ ಖಾಲಿ ಕಣಗಳಿಂದ ಶುರು ಮಾಡಿ. 37 ಡಿಗ್ರಿಯಲ್ಲಿ, ಪಿಎಚ್ 6.8ರ ಬಫರ್‌ನಲ್ಲಿ ಕಣಗಳನ್ನು ತೇಲಿಬಿಟ್ಟು, ಅಮೈಲೇಸ್ ಸೇರಿದಂತೆ ಮೇದೋಜ್ಜೀರಕದ ಕಿಣ್ವಗಳ ಮಿಶ್ರಣವಾದ ಪ್ಯಾಂಕ್ರಿಯಾಟಿನ್ ಸೇರಿಸಿ. ಅಡಿಯಲ್ಲಿ ಬಿಳಿ ಹಾಳೆ ಇಟ್ಟು, ಗುಳಿಗಳಿರುವ ತಟ್ಟೆಯ ಪ್ರತಿ ಗುಳಿಯಲ್ಲೂ ಒಂದು ಹನಿ ತೆಳು ಅಯೋಡಿನ್ ದ್ರಾವಣ ಹಾಕಿಟ್ಟುಕೊಳ್ಳಿ. ಐದೈದು ನಿಮಿಷಕ್ಕೊಮ್ಮೆ ಒಂದು ಹನಿ ಮಾದರಿಯನ್ನು ಮುಂದಿನ ಗುಳಿಗೆ ಬಿಡಿ. ಮೊದಲ ಗುಳಿ ಕಡುನೀಲಿ. ಆಮೇಲೆ ನೇರಳೆ, ಕೆಂಗಂದು, ಕೊನೆಗೆ ಅಯೋಡಿನ್‌ನ ಹಳದಿ ಮಾತ್ರ. ವ್ಯಾಕ್ಸಿ ಪಿಷ್ಟವಾದರೆ ಸಾಲು ಕೆಂಗಂದಿನಿಂದಲೇ ಶುರುವಾಗುತ್ತದೆ. ಈ ಗುಳಿಗಳ ಸಾಲನ್ನು ನೋಡಿದರೆ ನಿಮ್ಮ ಕಣ ಎಷ್ಟು ಹೊತ್ತು ಬಾಳುತ್ತದೆ ಎಂಬ ಅಂದಾಜು ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ. ದುಬಾರಿ ಯಂತ್ರಗಳ ಸರದಿಗೆ ಕಾಯುವ ಮೊದಲು ಎಲ್ಲ ಮಾದರಿಗಳನ್ನೂ ಹೀಗೆ ಸೋಸಿಕೊಳ್ಳಿ.

ಆಮೇಲೆ ಸಂಖ್ಯೆಯಲ್ಲಿ ಅಳೆಯಿರಿ. ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದ ವಿಧಾನದಲ್ಲಿ 540 ನ್ಯಾನೊಮೀಟರ್‌ನಲ್ಲಿ ಅಪಕರ್ಷಕ ಸಕ್ಕರೆಗಳನ್ನು ಅಳೆಯಬಹುದು. ಗ್ಲೂಕೋಸ್ ಮಾತ್ರ ಗುರುತಿಸುವ ಕಿಟ್ ಬಳಸುವುದಾದರೆ ಎಚ್ಚರ: ಅಮೈಲೇಸ್ ಕೊಡುವುದು ಮುಖ್ಯವಾಗಿ ಮಾಲ್ಟೋಸ್, ಮಾಲ್ಟೋಟ್ರಯೋಸ್ ಮತ್ತು ಕವಲಿನ ತುಣುಕುಗಳನ್ನು. ಅವನ್ನು ಗ್ಲೂಕೋಸ್ ಆಗಿ ಒಡೆಯುವ ಅಮೈಲೋಗ್ಲುಕೋಸಿಡೇಸ್ ಕಿಣ್ವ ಸೇರಿಸದಿದ್ದರೆ ಕಣ ಪೂರ್ತಿ ಒಡೆದಿದ್ದರೂ ಕಿಟ್ ಬಹುತೇಕ ಏನೂ ಆಗಿಲ್ಲವೆಂದೇ ತೋರಿಸುತ್ತದೆ. ಹ್ಯಾನ್ಸ್ ಎಂಗ್ಲಿಸ್ಟ್ ಮತ್ತು ಸಂಗಡಿಗರು 1992ರಲ್ಲಿ ರೂಪಿಸಿದ ವಿಂಗಡಣೆಯಲ್ಲಿ 20 ನಿಮಿಷದೊಳಗೆ ಒಡೆಯುವುದು ವೇಗದ ಪಿಷ್ಟ, 20ರಿಂದ 120 ನಿಮಿಷದ್ದು ನಿಧಾನದ್ದು, ಅದರಾಚೆ ಉಳಿಯುವುದು ಜೀರ್ಣನಿರೋಧಕ. ನಿಮ್ಮ ಕಣ ಈ ಮೂರರಲ್ಲಿ ಎಷ್ಟೆಷ್ಟು ಎಂದು ಬರೆದರೆ ಓದುವವರಿಗೆ ಹೋಲಿಸಲು ಸುಲಭ.

ಇನ್ನು ಔಷಧ ತುಂಬಿದ ಕಣ. ಜಠರದ ಹಂತಕ್ಕೆ ಪಿಎಚ್ 1.2ರ ದ್ರಾವಣ, ಪೆಪ್ಸಿನ್ ಸಹಿತ, 2 ಗಂಟೆ. ಇಲ್ಲಿ ಪಿಷ್ಟ ಒಡೆಯುವ ಭಯ ಕಡಿಮೆ. ಪಿಎಚ್ 1.2 ಎಂದರೆ ಲೀಟರಿಗೆ ಸುಮಾರು 0.06 ಮೋಲ್ ಆಮ್ಲ. ಮೇಲೆ ಹೇಳಿದ ಆಮ್ಲ ವಿಭಜನೆಗೆ 3.16 ಮೋಲ್ ಮತ್ತು 5 ದಿನ ಬೇಕಾಯಿತು ಎಂಬುದನ್ನು ನೆನೆಯಿರಿ. ಜೊಲ್ಲಿನ ಅಮೈಲೇಸ್ ಕೂಡ ಇಷ್ಟು ಆಮ್ಲದಲ್ಲಿ ಕೆಲಸ ನಿಲ್ಲಿಸುತ್ತದೆ. ಜಠರದಲ್ಲಿ ಔಷಧ ಸೋರಿದರೆ ಕಾರಣ ಕಣ ಉಬ್ಬುವುದು, ಒಡೆಯುವುದಲ್ಲ. ಹಾಗಾದಾಗ ಪರಿಹಾರ ಅಡ್ಡಕೊಂಡಿ ಅಥವಾ ಆಮ್ಲಕ್ಕೆ ಕರಗದ ಕ್ಯಾಪ್ಸೂಲ್.

ಕರುಳಿನ ಹಂತದಲ್ಲಿ ಮೂರು ಮಾದರಿಗಳನ್ನು ಅಕ್ಕಪಕ್ಕ ನಡೆಸಿ: ಕಿಣ್ವವಿಲ್ಲದ ದ್ರಾವಣದಲ್ಲಿ ಕಣ, ಕಿಣ್ವವಿರುವ ದ್ರಾವಣದಲ್ಲಿ ಕಣ, ವಾಹಕವಿಲ್ಲದ ಬರೀ ಔಷಧ. ಮೊದಲೆರಡರ ಅಂತರವೇ ಅಮೈಲೇಸ್‌ನ ಪಾಲು. ಮಾದರಿಯನ್ನು ಡಯಾಲಿಸಿಸ್ ಚೀಲದಲ್ಲಿ, ಅಂದರೆ ಸಣ್ಣ ಅಣುಗಳನ್ನಷ್ಟೇ ದಾಟಗೊಡುವ ಪೊರೆಯ ಚೀಲದಲ್ಲಿ, ಇಡುವುದಾದರೆ ಮೂರನೆಯದು ಇಲ್ಲದಿದ್ದಾಗ ಚೀಲದ ಪೊರೆ ನಿಧಾನಿಸಿದ್ದನ್ನು ಕಣದ ಗುಣವೆಂದು ತಪ್ಪಾಗಿ ಓದುತ್ತೀರಿ. ಚೀಲದೊಳಗೆ ಕಣವಿಟ್ಟು ಕಿಣ್ವವನ್ನು ಹೊರಗಿನ ದ್ರವಕ್ಕೆ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. 12ರಿಂದ 14 ಸಾವಿರ ಡಾಲ್ಟನ್ ಮಿತಿಯ ಪೊರೆಯನ್ನು 50 ಸಾವಿರಕ್ಕೂ ಹೆಚ್ಚು ತೂಕದ ಅಮೈಲೇಸ್ ದಾಟಲಾರದು. ಕಿಣ್ವ ಚೀಲದೊಳಗೇ ಇರಬೇಕು. ಅಮೈಲೇಸ್‌ಗೆ ಕ್ಯಾಲ್ಸಿಯಂ ಮತ್ತು ಕ್ಲೋರೈಡ್ ಅಯಾನುಗಳೂ ಬೇಕು, ಬಫರ್‌ನಲ್ಲಿ ಅವು ಇವೆಯೇ ನೋಡಿಕೊಳ್ಳಿ. ಫಾಸ್ಫೇಟ್ ಬಫರ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ ಎಂಬುದೂ ಗಮನದಲ್ಲಿರಲಿ.

ಪ್ಯಾಂಕ್ರಿಯಾಟಿನ್ ತೂಕವನ್ನಷ್ಟೇ ಬರೆದರೆ ಸಾಲದು. ಡಬ್ಬಿಯಿಂದ ಡಬ್ಬಿಗೆ ಅದರ ಅಮೈಲೇಸ್ ಶಕ್ತಿ ಬದಲಾಗುತ್ತದೆ. ನೀವೇ ಅಳೆದು ಯೂನಿಟ್‌ಗಳಲ್ಲಿ ಹೇಳಿ. ಹಲವು ದೇಶಗಳ ಸಂಶೋಧಕರು ಸೇರಿ ರೂಪಿಸಿ 2014ರಲ್ಲಿ ಪ್ರಕಟಿಸಿ, 2019ರಲ್ಲಿ ಪರಿಷ್ಕರಿಸಿದ ಇನ್ಫೋಜೆಸ್ಟ್ ಜೀರ್ಣಕ್ರಿಯೆಯ ವಿಧಾನ ಇಲ್ಲಿ ಒಳ್ಳೆಯ ಆಧಾರ. ಅದು ಆಹಾರ ಸೇವಿಸಿದ ಸ್ಥಿತಿಯನ್ನು ಅನುಕರಿಸುವುದರಿಂದ ಅದರಲ್ಲಿ ಜಠರದ ಪಿಎಚ್ 3 ಎಂಬುದನ್ನು ಮರೆಯಬೇಡಿ.

ಮಾದರಿ ತೆಗೆದೊಡನೆ ಎಥನಾಲ್ ಹಾಕಿ ಕಿಣ್ವವನ್ನು ನಿಲ್ಲಿಸುವ ಅಭ್ಯಾಸ ಸಕ್ಕರೆ ಅಳೆಯಲು ಸರಿ. ಔಷಧ ಅಳೆಯಲು ತಪ್ಪು, ಏಕೆಂದರೆ ಎಥನಾಲ್ ಕಣದೊಳಗಿನ ಔಷಧವನ್ನೂ ಹೊರಗೆಳೆಯುತ್ತದೆ. ಮೊದಲು ಅಲ್ಟ್ರಾಫಿಲ್ಟರ್ ಕೊಳವೆಯಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸಿ, ಸೋಸಿ ಬಂದದ್ದನ್ನು ಅಳೆಯಿರಿ. ಸೋಸುವ ಪೊರೆ ಔಷಧವನ್ನು ಹೀರಿಕೊಳ್ಳುವುದಿಲ್ಲ ಎಂದು ಗೊತ್ತಿರುವ ಪ್ರಮಾಣದ ದ್ರಾವಣದಿಂದ ಮೊದಲೇ ನೋಡಿಕೊಂಡಿರಬೇಕು.

ಮಾದರಿ ಔಷಧವಾಗಿ ಕರ್ಕ್ಯುಮಿನ್ ಬಳಸುವವರು ಬಹಳ. ಅದರ ಹಳದಿ ಬಣ್ಣ ಅಳೆಯಲು ಸುಲಭ ಎಂಬುದೇ ಕಾರಣ. ಆದರೆ ಸೀರಮ್ ಇಲ್ಲದ, ಪಿಎಚ್ 7.2ರ ಬಫರ್‌ನಲ್ಲಿ 37 ಡಿಗ್ರಿಯಲ್ಲಿ ಬರೀ ಕರ್ಕ್ಯುಮಿನ್‌ನ ಸುಮಾರು ಶೇ 90 ಭಾಗ ಅರ್ಧ ಗಂಟೆಯಲ್ಲಿ ವಿಘಟನೆಯಾಗುತ್ತದೆ. ಬಿಡುಗಡೆಯಾದ ಔಷಧ ಹಾಗೆ ಕಣ್ಮರೆಯಾಗುತ್ತಿದ್ದರೆ ಗ್ರಾಫಿನಲ್ಲಿ ಅದು ‘ನಿಧಾನ ಬಿಡುಗಡೆ’ಯಂತೆಯೇ ಕಾಣುತ್ತದೆ. ಕರ್ಕ್ಯುಮಿನ್ ಬಿಡಲಾಗದಿದ್ದರೆ ಪ್ರತಿ ಹಂತದಲ್ಲೂ ಕಣದೊಳಗೆ ಉಳಿದದ್ದನ್ನೂ ಅಳೆಯಿರಿ.

ಸಮಯ ಕಳೆದಂತೆ ಔಷಧ ಎಷ್ಟು ಬಿಡುಗಡೆಯಾಯಿತು ಎಂಬುದನ್ನು ವಿವರಿಸುವ ಕೋರ್ಸ್‌ಮೇಯರ್-ಪೆಪ್ಪಾಸ್ ಸಮೀಕರಣಕ್ಕೆ ಸಂಖ್ಯೆಗಳನ್ನು ಹೊಂದಿಸುವಾಗ ಬಿಡುಗಡೆಯ ಮೊದಲ ಶೇ 60 ಭಾಗವನ್ನಷ್ಟೇ ಬಳಸಬೇಕು. ಕಣವನ್ನೇ ಕಿಣ್ವ ತಿನ್ನುತ್ತಿರುವಾಗ ಆ ಸಮೀಕರಣದ ಘಾತಾಂಕದಿಂದ ‘ಪ್ರಸರಣ’ ಎಂಬ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ.

ದೊಡ್ಡ ಕರುಳಿನ ಕೆಲಸವಾದರೆ ಇನ್ನೂ ಒಂದು ಹಂತವಿದೆ. ಕರುಳಿನ ಹಂತ ದಾಟಿ ಉಳಿದ ಕಣವನ್ನು, ಆಮ್ಲಜನಕವಿಲ್ಲದ ವಾತಾವರಣದಲ್ಲಿ, ಅನುಮತಿ ಪಡೆದು ಸಂಗ್ರಹಿಸಿದ ಮಲದ ಮಾದರಿಯ ಬ್ಯಾಕ್ಟೀರಿಯಾಗಳಿಗೆ ಒಡ್ಡಬೇಕು. ರೂಮಿನೋಕಾಕಸ್ ಬ್ರೋಮಿಯೈ, ಬೈಫಿಡೋಬ್ಯಾಕ್ಟೀರಿಯಂ ಅಡೋಲೆಸೆಂಟಿಸ್‌ನಂಥವು ಜೀರ್ಣನಿರೋಧಕ ಪಿಷ್ಟವನ್ನು ಒಡೆಯಬಲ್ಲವು. ಪಿಷ್ಟ ಹುದುಗಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್‌ಗಳಾಗುತ್ತದೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ವಾಹಕವೇ ರೋಗಪೀಡಿತ ಜಾಗಕ್ಕೆ ಪೋಷಣೆಯಾಗುವ ಈ ಸಾಧ್ಯತೆ ಬೇರೆ ಬಹಳಷ್ಟು ಪಾಲಿಮರ್‌ಗಳಿಗಿಲ್ಲ. ಪಿಷ್ಟದ ಮೇಲೆ ಇಷ್ಟು ಶ್ರಮ ಹಾಕುವುದು ಸಾರ್ಥಕ ಎಂದು ನನಗೆ ಅನಿಸುವುದು ಮುಖ್ಯವಾಗಿ ಇದಕ್ಕಾಗಿ.

ಒಣಗಿಸುವುದು, ಇಡುವುದು

ನೀರಿನಲ್ಲಿ ತೇಲುವ ಪಿಷ್ಟಕ್ಕೆ ಬೂಸ್ಟು ಹಿಡಿಯುತ್ತದೆ. ಅಷ್ಟರಲ್ಲಿ ಸರಪಳಿಗಳೂ ಹೆಣೆದುಕೊಳ್ಳುತ್ತಾ ಹೋಗುತ್ತವೆ. ಫ್ರಿಜ್‌ನ 4 ಡಿಗ್ರಿಯಲ್ಲಿ ಈ ಹೆಣಿಗೆ ಶುರುವಾಗುವುದು ಇನ್ನೂ ಬೇಗ. ಹಾಗಾಗಿ ತಂಪಿನಲ್ಲಿಟ್ಟರೆ ಕೆಡುವುದಿಲ್ಲ ಎಂಬ ಎಣಿಕೆ ಇಲ್ಲಿ ನಡೆಯದು. ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿ ಹೆಪ್ಪುಗಟ್ಟಿಸಿ ಒಣಗಿಸಿ. ಒಣಪುಡಿಯನ್ನು ಮತ್ತೆ ನೀರಿಗೆ ಹಾಕಿ ಗಾತ್ರ ಅಳೆಯಿರಿ. ಒಣಗಿಸುವ ಮೊದಲಿನ ಗಾತ್ರಕ್ಕೆ ಇದರ ಅನುಪಾತ 1ರ ಬಳಿ ಇರಬೇಕು. 2 ದಾಟಿದರೆ ನಿಮ್ಮ ಬಳಿ ಇರುವುದು ಕಣಗಳ ಗಂಟು. ಪುಡಿಯನ್ನು ತೇವ ಹೀರುವ ಪೊಟ್ಟಣದೊಂದಿಗೆ ಬಿಗಿಯಾಗಿ ಮುಚ್ಚಿಡಿ. ತೇವ ಸೇರಿದರೆ ಪಿಷ್ಟ ಮೆದುವಾಗಿ ಒಳಗಿನ ಔಷಧ ಸ್ಫಟಿಕವಾಗಲು ಜಾಗ ಸಿಗುತ್ತದೆ. 1 ತಿಂಗಳು, 3 ತಿಂಗಳ ನಂತರ ಗಾತ್ರದ ಜೊತೆ ಎಕ್ಸ್-ರೇ ವಿವರ್ತನೆ ಮತ್ತು ಅಮೈಲೇಸ್ ಪರೀಕ್ಷೆಯನ್ನೂ ಪುನರಾವರ್ತಿಸಿ. ಗಾತ್ರ ಅಷ್ಟೇ ಇದ್ದು ಜೀರ್ಣವಾಗುವ ವೇಗ ಬದಲಾಗಿರುವುದು ಸಾಧ್ಯ.

ಕೋಶಗಳ ಮೇಲೆ

ಕರುಳಿನ ಗೋಡೆಯ ಮಾದರಿಯಾಗಿ ಬಳಸುವ ಕ್ಯಾಕೊ-2 ಕೋಶಗಳು ಪೊರೆಯ ಮೇಲೆ ಪೂರ್ತಿ ಬಲಿತ ಪದರವಾಗಲು ಸುಮಾರು 21 ದಿನ ಬೇಕು. ಪ್ರಯೋಗಕ್ಕೆ ಮುನ್ನ ಮತ್ತು ನಂತರ ಪದರದ ವಿದ್ಯುತ್ ರೋಧವನ್ನು ಅಳೆಯಿರಿ. ಅದು ಕುಸಿದಿದ್ದರೆ ಔಷಧ ದಾಟಿದ್ದು ಕಣದ ಗುಣದಿಂದಲ್ಲ, ಹರಿದ ಪದರದಿಂದ. ಈ ಕೋಶಗಳು ಲೋಳೆ ಸ್ರವಿಸುವುದಿಲ್ಲ ಎಂಬ ಮಿತಿಯೂ ಇದೆ. ಲೋಳೆಯಲ್ಲಿ ಸಿಕ್ಕಿಕೊಳ್ಳುವ ಕಣಗಳನ್ನು ಅವು ತಡೆಯುವುದಿಲ್ಲವಾದ್ದರಿಂದ ಲೋಳೆ ಸ್ರವಿಸುವ ಎಚ್‌ಟಿ29-ಎಂಟಿಎಕ್ಸ್ ಕೋಶಗಳೊಂದಿಗೆ ಬೆರೆಸಿ ಬೆಳೆಸುವುದು ಲೇಸು. ಬೆಳೆಸುವ ಮಾಧ್ಯಮದ ಸೀರಮ್‌ನಲ್ಲೂ ಅಮೈಲೇಸ್ ಇರುತ್ತದೆ. ಕಣ ಕೋಶವನ್ನು ಮುಟ್ಟುವ ಮೊದಲೇ ಒಡೆಯುತ್ತಿದೆಯೇ ಎಂದು ಸೀರಮ್ ಇಲ್ಲದ ಮಾಧ್ಯಮದೊಂದಿಗೆ ಹೋಲಿಸಿ ನೋಡಿ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನ್ಯಾನೊ ವಸ್ತುಗಳಿರುವ ಔಷಧಗಳ ಬಗ್ಗೆ 2022ರಲ್ಲಿ ಅಂತಿಮ ಮಾರ್ಗಸೂಚಿ ಪ್ರಕಟಿಸಿದೆ. ಪಿಷ್ಟ ಆಹಾರವೆಂಬ ಕಾರಣಕ್ಕೆ ಅದರ ನ್ಯಾನೊ ರೂಪವೂ ತಾನಾಗಿ ಸುರಕ್ಷಿತವೆಂದು ಯಾವ ನಿಯಂತ್ರಣ ಸಂಸ್ಥೆಯೂ ಒಪ್ಪುವುದಿಲ್ಲ. ಪ್ರಾಣಿ ಪ್ರಯೋಗದ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ, ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿದ್ದಾಗ. ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲಿ ಪಿಷ್ಟದ ಮೂಲ, ಅಮೈಲೋಸ್ ಶೇಕಡಾವಾರು, ತೇವಾಂಶ, ಮಬ್ಬು ಮೂಡಿದಾಗಿನ ಎಥನಾಲ್ ಪ್ರಮಾಣ, ತೂಕದಲ್ಲಿ ಔಷಧದ ಪಾಲು, ಬಳಸಿದ ಅಮೈಲೇಸ್ ಎಷ್ಟು ಯೂನಿಟ್ ಎಂಬ ಆರು ವಿವರಗಳು ಮೊದಲ ಪುಟದಲ್ಲೇ ಇರಲಿ.